3 ವರ್ಷದ ಮಗ ಸಂಜೆ ಆದ್ರೆ ರಚ್ಚೆ ಹಿಡೀತಾನೆ, ಅತ್ತೆಗೂ ನನಗೂ ತಾಳ್ಮೆ ಉಳೀತಿಲ್ಲ

ತುಮಕೂರು ಅಮ್ಮ:
ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ 3 ವರ್ಷ 2 ತಿಂಗಳು. ನಾನು ಬೆಳಗ್ಗೆ 8ಕ್ಕೆ ಕೆಲಸಕ್ಕೆ ಹೊರಟ್ರೆ ಬರೋದು ಸಂಜೆ ಆರೂವರೆ, ಅಲ್ಲಿವರೆಗೂ ಅತ್ತೆನೇ ನೋಡ್ಕೋತಾರೆ, ಹಗಲೆಲ್ಲ ಊಟ ಮಾಡ್ಕೊಂಡು ಆಡ್ಕೊಂಡು ಚೆನ್ನಾಗೇ ಇರ್ತಾನಂತೆ. ನಾನು ಬಾಗಿಲಲ್ಲಿ ಚಪ್ಪಲಿ ಬಿಡೋದೇ ತಡ ಶುರು. ನಿನ್ನೆ ಬಾಳೆಹಣ್ಣು ಸುಲಿದು ಕೊಟ್ಟೆ, ಅವನೇ ಸುಲೀಬೇಕಿತ್ತಂತೆ, ನೆಲಕ್ಕೆ ಬಿದ್ದು ಹೊರಳಾಡಿದ, ಇನ್ನೊಂದು ಹಣ್ಣು ಕೊಟ್ರೆ ಬೇಡ, ಅದೇ ಹಣ್ಣಿಗೆ ಸಿಪ್ಪೆ ವಾಪಸ್ ಹಾಕು ಅಂತ ಕಿರುಚಾಟ. ಅತ್ತೆ ಅಡುಗೆಮನೆಯಿಂದ "ಸುಮ್ನಿರು, ಗುಮ್ಮ ಬರ್ತಾನೆ" ಅಂದ್ರು, ಇನ್ನೂ ಜೋರಾಯ್ತು, ಕೊನೆಗೆ ಮೊಬೈಲ್ ಕೊಟ್ರು, ನಾನು ಅದನ್ನ ಕಿತ್ಕೊಂಡು ಅವನ ಬೆನ್ನಿಗೆ ಒಂದೇಟು ಹಾಕ್ಬಿಟ್ಟೆ. ರಾತ್ರಿ ಅವನು ಮಲಗಿದ್ಮೇಲೆ ಆ ಬೆನ್ನು ಸವರ್ತಾ ಎಷ್ಟೋ ಹೊತ್ತು ಕೂತಿದ್ದೆ.

ಇನ್ನೊಂದು ಭಯ ಇದೆ. ಎರಡು ಸಲ ಅಳ್ತಾ ಅಳ್ತಾ ಉಸಿರು ಕಟ್ಟಿ ತುಟಿ ನೀಲಿ ಆಗಿತ್ತು, ಅದನ್ನ ನೋಡಿದ್ಮೇಲೆ ಅತ್ತೆ ಅವನು ಕೇಳಿದ್ದೆಲ್ಲ ಕೊಟ್ಬಿಡ್ತಾರೆ. ಸಂಜೆನೇ ಯಾಕೆ ಹೀಗೆ? ಅತ್ತೆಗೆ ನೋವಾಗದ ಹಾಗೆ ಹೇಗೆ ಹೇಳೋದು?

ಗದಗ ಟೀಚರ್:
ನಾ ಅಂಗನವಾಡಿ ಟೀಚರ್ ರೀ, 16 ವರ್ಷ ಆತು. ಹಗಲೆಲ್ಲ ತಡಕೊಂಡಿರ್ತಾನ್ರಿ ಆ ಹುಡುಗ. ಅವ್ವ ಇಲ್ಲ ಅನ್ನೋ ಸಂಕಟ, ಹಸಿವಿ, ಅರ್ಧಮರ್ಧ ನಿದ್ದಿ, ಎಲ್ಲಾ ಒಳಗ ಇಟಗೊಂಡು ನಿಮ್ಮ ಮುಖಾ ಕಂಡಕೂಡ್ಲೆ ಹೊರಗ ಹಾಕ್ತಾನ, ಬಾಳೆಹಣ್ಣು ಬರೇ ನೆಪ. ನೀವಂದ್ರ ಅವಂಗ ಧೈರ್ಯ, ಅದಕ್ಕ ನಿಮ್ಮ ಮುಂದ ಅಳ್ತಾನ. ಸಿಟ್ಟು ತಡಿಯೋದು ಹಣಿ ಹಿಂದಿನ ಮಿದುಳಿನ ಕೆಲಸ, ಅದು ಪೂರ್ತಿ ಬಲಿಯಾಕ 25 ವರ್ಷದ ಆಸುಪಾಸು ಬೇಕು, ಮೂರು ವರ್ಷದ ಕೂಸಿಗೆ ಎಲ್ಲಿಂದ ಬರಬೇಕ್ರಿ?

ಮನಿಗೆ ಬಂದಮ್ಯಾಲೆ ಮೊದಲ ಒಂದು ಹತ್ತು ಹದಿನೈದು ನಿಮಿಷ ಬ್ಯಾಗ್ ಇಟ್ಟು, ಕೈಕಾಲು ತೊಳಕೊಂಡು ನೆಲದ ಮ್ಯಾಲೆ ಕುಂತಬಿಡ್ರಿ, ಅಡಿಗಿ ಆಮ್ಯಾಲೆ. ನೀವು ಬರೂಕಿಂತ ಮೊದಲ ಅವಂಗ ಏನರ ತಿನಿಸಿರಲಿ. ಆದ್ರೂ ಶುರು ಆದ್ರ ಅವನ ಕಣ್ಣಿಗಿಂತ ಕೆಳಗ ಕುಂದರ್ರಿ, ಅವನ ದನಿ ಏರಿದಂಗ ನಿಮ್ಮ ದನಿ ಇಳೀಬೇಕು, ಮಾತು ಕಡಿಮಿ. "ನೀನ ಸುಲೀಬೇಕು ಅಂತಿದ್ದಿ, ಅವ್ವ ಸುಲಿದಬಿಟ್ಲು, ಸಿಟ್ಟು ಬಂತು" ಇಷ್ಟ ಸಾಕು. ಆವಾಗ ಬುದ್ಧಿ ಹೇಳಾಕ ಹೋಗಬ್ಯಾಡ್ರಿ, ಕಿವಿಗೆ ಬೀಳೂದಿಲ್ಲ. ಹೊಡ್ಯಾಕ ಬಂದ್ರ ಮಾತ್ರ ಕೈ ಮೆತ್ತಗ ಹಿಡೀರಿ, "ಸಿಟ್ಟು ಬರಲಿ, ಹೊಡ್ಯಾಕ ಬಿಡೂದಿಲ್ಲ" ಅನ್ರಿ. ನೀವು ಇಲ್ಲ ಅಂದದ್ದು ಇಲ್ಲ ಅಂತ ಇರಲಿ, ಅಳು ನಿಲ್ಲಸಾಕ ಅದನ್ನ ಕೊಡಬ್ಯಾಡ್ರಿ. ಗುಮ್ಮಂದು ಹೆಸರು ಹೇಳಿದ್ರ ಒಮ್ಮೊಮ್ಮೆ ಬಾಯಿ ಮುಚ್ಚತೈತಿ ಖರೆ, ಆದ್ರ ಮೊದಲ ಸಂಕಟದಾಗ ಇದ್ದ ಕೂಸಿಗೆ ಮ್ಯಾಲೆ ಅಂಜಿಕಿ ಬ್ಯಾರೆ.

ಸಿಸ್ಟರ್_ಹಾಸನ:
ಉಸಿರು ಕಟ್ಟೋದರ ಬಗ್ಗೆ ಮಾತ್ರ ಹೇಳ್ತೀನಿ, ಮಕ್ಕಳ ವಾರ್ಡ್‌ನಲ್ಲಿ ಕೆಲಸ ಮಾಡೋಳು ನಾನು. 6 ತಿಂಗಳಿಂದ 6 ವರ್ಷದೊಳಗಿನ ಮಕ್ಕಳಲ್ಲಿ ಇದನ್ನ ನೋಡ್ತೀವಿ, ಮಗು ಬೇಕಂತ ಮಾಡೋದಲ್ಲ, ಸಾಮಾನ್ಯವಾಗಿ ಒಂದು ನಿಮಿಷದೊಳಗೆ ತಾನೇ ಉಸಿರೆಳ್ಕೊಳುತ್ತೆ. ಆ ಹೊತ್ತಲ್ಲಿ ಪಕ್ಕಕ್ಕೆ ಮಲಗಿಸಿ, ಅಲುಗಾಡಿಸಬೇಡಿ, ಬಾಯಿಗೆ ನೀರು ಹಾಕಬೇಡಿ, ಬೆರಳು ಹಾಕಬೇಡಿ. ಎರಡು ಸಲ ಆಗಿದೆ ಅಂದ್ರಲ್ಲ, ಒಮ್ಮೆ ಮಕ್ಕಳ ಡಾಕ್ಟರಿಗೆ ತೋರಿಸ್ಲೇಬೇಕು, ಕಬ್ಬಿಣಾಂಶ ಕಡಿಮೆ ಇರೋ ಮಕ್ಕಳಲ್ಲಿ ಇದು ಜಾಸ್ತಿ, ರಕ್ತ ಪರೀಕ್ಷೆ ಮಾಡಿ ಬೇಕಿದ್ರೆ ಐರನ್ ಸಿರಪ್ ಕೊಡ್ತಾರೆ. ಒಂದು ನಿಮಿಷ ಮೀರಿದ್ರೆ, ಆಮೇಲೆ ಎಚ್ಚರ ಆಗದಿದ್ರೆ, ಅಥವಾ ಅಳದೇನೇ ಹಾಗಾದ್ರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಇದನ್ನ ಅತ್ತೆಯವರಿಗೂ ಕೂರಿಸಿ ಹೇಳಿ, ಅವರು ಕೇಳಿದ್ದೆಲ್ಲ ಕೊಡ್ತಿರೋದು ಮುದ್ದಿಗಲ್ಲ, ಜೀವಭಯಕ್ಕೆ.

ಮೊಮ್ಮಗಳ ಅಜ್ಜಿ:
ನಾನು ನಿಮ್ಮ ಅತ್ತೆ ಜಾಗದಲ್ಲಿ ಇರೋಳು ಕಣಮ್ಮ. ನನಗೆ 61, ಮಂಡಿನೋವು, ದಿನಾ ಹತ್ತು ಗಂಟೆ ಮಗು ಹಿಂದೆ ಓಡಿ ಸಂಜೆ ಹೊತ್ತಿಗೆ ತಲೆ ಸಿಡೀತಿರುತ್ತೆ, ಆವಾಗ ಮಗು ಕಿರುಚಿದ್ರೆ ಬಾಯಿಗೆ ಬರೋದು ನಮ್ಮಮ್ಮ ನಮಗೆ ಹೇಳ್ತಿದ್ದ ಮಾತೇ. ನಾನೂ ಒಂದಿನ "ಹಿಂಗೇ ಮಾಡಿದ್ರೆ ನಿಮ್ಮಮ್ಮ ಬರಲ್ಲ ನೋಡು" ಅಂದ್ಬಿಟ್ಟೆ. ಆಮೇಲೆ ಎಷ್ಟೋ ದಿನ ಆ ಮಗು ಅಮ್ಮನ ಸೆರಗು ಬಿಡ್ಲಿಲ್ಲ, ಬಚ್ಚಲಿಗೆ ಹೋದ್ರೂ ಬಾಗಿಲಲ್ಲಿ ನಿಂತು ಅಳೋದು. ಅದು ನನ್ನ ಮಾತಿಂದ ಅಂತ ನನಗೆ ಗೊತ್ತು, ಇವತ್ತಿಗೂ ಹೊಟ್ಟೆ ಕಿವುಚುತ್ತೆ.

ಈಗ ಸಿಟ್ಟು ಬಂದ್ರೆ ಅವಳಿಗೆ ಕೇಳೋ ಹಾಗೇ ಹೇಳ್ತೀನಿ, "ಅಜ್ಜಿಗೆ ಸಿಟ್ಟು ಬಂದಿದೆ, ಒಂದು ಲೋಟ ನೀರು ಕುಡೀತೀನಿ, ಇಲ್ಲೇ ಇರ್ತೀನಿ". ಅವಳಿಗೆ ಕಾಣೋ ಹಾಗೆ ನಿಂತು ನಿಧಾನ ಕುಡಿದು, ಉದ್ದಕ್ಕೆ ಉಸಿರು ಬಿಟ್ಟು, ಆಮೇಲೆ ಹತ್ರ ಹೋಗ್ತೀನಿ.

ಅತ್ತೆಗೆ ಮಗು ಎದುರಿಗೆ ತಪ್ಪು ತೋರಿಸ್ಬೇಡ. ಮೊದಲು "ನಿಮಗೆ ಸುಸ್ತಾಗಿದೆಯಾ" ಅಂತ ಕೇಳು, ವಾರಕ್ಕೆ ಒಂದಿನ ಪೂರ್ತಿ ಬಿಡುವು ಕೊಡು, ದೇವಸ್ಥಾನಕ್ಕೋ ತಂಗಿ ಮನೆಗೋ ಹೋಗಿ ಬರ್ಲಿ. ಮಗು ಅಳೋವಾಗ ಒಬ್ರೇ ಮಾತಾಡೋದು ಅಂತ ಇಬ್ರೂ ಒಪ್ಪಂದ ಮಾಡ್ಕೊಳ್ಳಿ. ಹೊಡೆದಿದ್ದಕ್ಕೆ ಅವನ ಹತ್ರ "ಅಮ್ಮ ಹೊಡೀಬಾರದಿತ್ತು" ಅಂತ ಹೇಳು, ಮೂರು ವರ್ಷದ ಮಗೂಗೂ ಅದು ಅರ್ಥ ಆಗುತ್ತೆ. ನಿನಗೇ ತೀರಾ ಭಾರ ಅನ್ನಿಸಿದ್ರೆ 14416ಕ್ಕೆ ಫೋನ್ ಮಾಡು, ಅದು ಟೆಲಿ ಮಾನಸ್ ಅಂತ, ಮನಸಿನ ಕಷ್ಟ ಹೇಳ್ಕೊಳ್ಳೋಕೆ ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ, ರಾತ್ರಿ ಹೊತ್ತೂ ಎತ್ತುತ್ತಾರೆ.

ತುಮಕೂರು ಅಮ್ಮ:
ಅಜ್ಜಿ, ನಿಮ್ಮ ಮಾತು ಓದಿ ಅತ್ತು, ಆಮೇಲೆ ಅತ್ತೆಗೇ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ತುಟಿ ನೀಲಿ ಆದಾಗ ನನ್ನ ಜೀವ ಹೋಗಿತ್ತು, ನೀನು ಬಂದು ಏನಂತೀಯೋ ಅಂತ ಬೇರೆ" ಅಂದ್ರು. ಇಷ್ಟು ದಿನ ಅವರ ಮನಸಲ್ಲಿ ಇದಿತ್ತು ಅಂತ ನನಗೆ ಗೊತ್ತೇ ಇರ್ಲಿಲ್ಲ. ಈ ಭಾನುವಾರ ಅವರು ತಂಗಿ ಮನೆಗೆ ಹೋಗ್ತಾರೆ. ಟೀಚರ್, ನಿನ್ನೆ ಬಂದ ತಕ್ಷಣ ನೆಲದ ಮೇಲೆ ಕೂತೆ, ತೊಡೆ ಮೇಲೆ ಬಂದು ಮಲಗ್ದ, ಆದ್ರೂ ಒಂಬತ್ತು ಗಂಟೆಗೆ ಪೇಸ್ಟ್ ವಿಷಯಕ್ಕೆ ದೊಡ್ಡದಾಗಿ ಅತ್ತ, ನಾನು ಕೆಳಗೆ ಕೂತು ಎರಡೇ ಮಾತು ಹೇಳಿ ಕಾದೆ, ಹೊಡೀಲಿಲ್ಲ. ಶನಿವಾರ ಡಾಕ್ಟರ್ ಹತ್ರ ಹೋಗ್ತಿದ್ದೀವಿ, ಅತ್ತೆನೂ ಬರ್ತಾರೆ. ಸಿಸ್ಟರ್, ಉಸಿರು ಕಟ್ಟಿದಾಗ ತೆಗೆದ ವಿಡಿಯೋ ನಮ್ಮತ್ರ ಇಲ್ಲ, ಹೇಗಾಯ್ತು ಅಂತ ಬಾಯಲ್ಲಿ ಹೇಳಿದ್ರೆ ಸಾಕಾಗುತ್ತಾ?