ಬಿಳಿ ಐದರಿಂದ ಬಿಳಿ ಮೂರಕ್ಕೆ

“ಈ ಗಾಯಕಿಗೆ ನೆಗಡಿಯಾಗಿದ್ದ ದಿನವೇ ಧ್ವನಿಮುದ್ರಣ ಮಾಡಿದ್ದಾರೆಯೇ?” ಎಂದು ಹೆಗಡೆಯವರು ಕೇಳಿದ್ದೇ ತಪ್ಪಾಯಿತು. ಅನಂತು ಒಂದು ಕೈಯೆತ್ತಿ ಅವರನ್ನು ಸುಮ್ಮನಾಗಿಸಿ, ಇನ್ನೊಂದು ಕೈಯಿಂದ ಮೇಷ್ಟ್ರ ಬಾಯಿಯವರೆಗೆ ಹೋಗಿದ್ದ ಹಲಸಿನ ಹಪ್ಪಳವನ್ನು ಕಸಿದುಕೊಂಡು ಬುಟ್ಟಿಗೆ ಹಾಕಿದ. ಹಾಡು ನಡೆಯುತ್ತಿರುವಾಗ ಹಪ್ಪಳ ಮುರಿಯುವುದು ಆ ಮಾಳಿಗೆಯಲ್ಲಿ ನಿಷಿದ್ಧ. ನಡೆದಾಡುವುದೂ ನಿಷಿದ್ಧ, ದುರ್ಗಿಗುಡಿಯ ಆ ಹಳೆಯ ಮನೆಯ ಹಲಗೆ ನೆಲದ ಮೇಲೆ ಯಾರಾದರೂ ಜೋರಾಗಿ ಹೆಜ್ಜೆಯೂರಿದರೆ, ರೆಕಾರ್ಡಿನ ಮೇಲಿನ ಮುಳ್ಳು ಅನುಪಲ್ಲವಿಯನ್ನು ಬಿಟ್ಟು ನೇರವಾಗಿ ಚರಣಕ್ಕೆ ಹಾರಿಬಿಡುತ್ತದೆ. ಹೊರಗೆ ಆರಿದ್ರೆ ಮಳೆ ಹೆಂಚಿನ ಮೇಲೆ ಧೋ ಎಂದು ಸುರಿಯುತ್ತಿತ್ತು. ಅದನ್ನು ನಿಷೇಧಿಸುವ ಉಪಾಯ ಮಾತ್ರ ಅನಂತುವಿಗೆ ಇನ್ನೂ ಸಿಕ್ಕಿರಲಿಲ್ಲ.

“ಇದು ನೆಗಡಿಯಲ್ಲ, ಹೆಗಡೆಯವರೇ. ಅನಲಾಗ್ ಧ್ವನಿಯ ಬೆಚ್ಚನೆಯ ಗುಣವೆಂದರೆ ಇದೇ. ಮೊಬೈಲಿನಲ್ಲಿ ಕೇಳಿ ಕೇಳಿ ನಿಮ್ಮ ಕಿವಿ ಕೆಟ್ಟಿದೆ.”

“ಬೆಚ್ಚಗಾದರೆ ಶ್ರುತಿ ಇಳಿಯುತ್ತದೆಯೇ? ಮೇಳದವರ ಜೊತೆ ತಿರುಗಿದ ಕಿವಿ ನನ್ನದು. ಇವರು ಹಾರ್ಮೋನಿಯಮ್ಮಿನ ಬಿಳಿ ಐದರಲ್ಲಿ ಹಾಡುತ್ತಿದ್ದವರು, ಇಲ್ಲಿ ಬಿಳಿ ಮೂರರಲ್ಲಿದ್ದಾರೆ. ಇನ್ನೂ ಸ್ವಲ್ಪ ಬೆಚ್ಚಗಾದರೆ ಮೀಸೆಯೂ ಬಂದೀತು.”

ಅನಂತು ಮರುಕದಿಂದ ನಕ್ಕು, ರೆಕಾರ್ಡು ತಿರುಗಿಸುವ ಟರ್ನ್‌ಟೇಬಲ್ಲಿನ ಮಹಿಮೆಯನ್ನು ಮೊದಲಿನಿಂದ ಹೇಳತೊಡಗಿದ. ಇಂಗ್ಲೆಂಡಿನ ಸ್ವಿಂಡನ್ನಿನಲ್ಲಿ 1950ರ ದಶಕದಲ್ಲಿ ತಯಾರಾದ ಗ್ಯಾರಾರ್ಡ್ 301 ರಬ್ಬರ್ ಗಾಲಿಯೊಂದನ್ನು ಒತ್ತಿ ತಟ್ಟೆಯನ್ನು ತಿರುಗಿಸುತ್ತದೆಯೆಂದೂ, ಅದನ್ನು ಪೂಜಿಸುವವರು ಅದರ ಅಡಿಗೆ ಸ್ಲೇಟು ಕಲ್ಲಿನ ಚಪ್ಪಡಿಯನ್ನೇ ಕೂರಿಸುತ್ತಾರೆಂದೂ, ಸ್ಕಾಟ್ಲೆಂಡಿನ ಲಿನ್ ಸೊಂಡೆಕ್ ಬೆಲ್ಟಿನಿಂದ ತಿರುಗುತ್ತದೆಯೆಂದೂ, ಜಪಾನಿನವರು 1972ರಲ್ಲಿ ತಂದ ಟೆಕ್ನಿಕ್ಸ್ ಎಸ್‌ಎಲ್-1200ರಲ್ಲಿ ಬೆಲ್ಟೂ ಇಲ್ಲ, ಗಾಲಿಯೂ ಇಲ್ಲ, ಮೋಟಾರಿನ ಮೇಲೆಯೇ ತಟ್ಟೆ ಕುಳಿತಿರುತ್ತದೆಯೆಂದೂ, ಈ ಮೂರು ಪಂಗಡದವರೂ ಒಬ್ಬರನ್ನೊಬ್ಬರು ಒಪ್ಪುವುದಿಲ್ಲವೆಂದೂ ವಿವರಿಸಿದ.

“ಹಾಗಾದರೆ ಜಪಾನಿನದು ಅದ್ವೈತವಾಯಿತು,” ಎಂದರು ಮೇಷ್ಟ್ರು, ಕಣ್ಣು ಹಪ್ಪಳದ ಬುಟ್ಟಿಯ ಮೇಲಿಟ್ಟು.

“ನಿನ್ನದು ಯಾವ ಪಂಗಡ?” ಎಂದು ಮಂಜಪ್ಪಣ್ಣ ಕೇಳಿದರು.

“ಬೆಲ್ಟ್. ಅಮೆರಿಕದ್ದು, ಅರುವತ್ತರ ದಶಕದ್ದು. ಮುಳ್ಳಿನ ಮೊನೆ ವಜ್ರದ್ದು. ಅದು ರೆಕಾರ್ಡಿನ ಮೇಲೆ ಹಾಕುವ ಭಾರ ಸರಿಯಾಗಿ 1.8 ಗ್ರಾಂ ಇರಬೇಕು. ತೂಗಲು ಪುಟ್ಟ ತಕ್ಕಡಿಯೂ ಇದೆ.”

“ಈ ಸಲದ ಅಡಿಕೆಯ ದುಡ್ಡು ಗ್ರಾಮಿನ ಲೆಕ್ಕದಲ್ಲಿ ಕರಗಿತೆನ್ನು,” ಎಂದು ಹೆಗಡೆಯವರು ನಿಟ್ಟುಸಿರುಬಿಟ್ಟರು.

ಮಂಜಪ್ಪಣ್ಣ ಯಂತ್ರದ ಸುತ್ತ, ನೆಲ ಅಲುಗದಂತೆ, ಒಂದು ಪ್ರದಕ್ಷಿಣೆ ಬಂದರು. “ನಮ್ಮ ಅಜ್ಜಿಯ ಬೀಸುವ ಕಲ್ಲೂ ಹೀಗೆಯೇ ಭಾರವಾಗಿತ್ತು, ಹೀಗೆಯೇ ತಿರುಗುತ್ತಿತ್ತು, ಅದನ್ನು ಮುಟ್ಟಿದರೆ ಅಜ್ಜಿಯೂ ನಿನ್ನ ಹಾಗೆಯೇ ಗದರುತ್ತಿದ್ದಳು. ಆದರೆ ಕೊನೆಯಲ್ಲಿ ಹಿಟ್ಟು ಬರುತ್ತಿತ್ತು. ನೀನು ಬಂದಾಗಿನಿಂದ ಮಟ್ಟಗೋಲು ಇಡುತ್ತೀಯೆ, ಧೂಳು ಒರೆಸುತ್ತೀಯೆ, ತೂಗುತ್ತೀಯೆ. ಇದರಲ್ಲಿ ಒಂದು ಹಾಡನ್ನಾದರೂ ಪೂರ್ತಿ ಕೇಳಿದ್ದೀಯೇನು?”

ಅನಂತು ಉತ್ತರಿಸಲಿಲ್ಲ. ಬದಲಿಗೆ, ವೇಗದ ಬಗ್ಗೆ ಯಾರಿಗೂ ಸಂಶಯ ಉಳಿಯಬಾರದೆಂದು, ಸುತ್ತಲೂ ಕಪ್ಪು ಗೆರೆಗಳಿದ್ದ ಕಾಗದದ ಬಿಲ್ಲೆಯೊಂದನ್ನು ತಟ್ಟೆಯ ಮೇಲಿಟ್ಟು, ನಿಯಾನ್ ದೀಪ ಹಚ್ಚಿದ. ತಟ್ಟೆ ತಿರುಗುತ್ತಿತ್ತು, ಗೆರೆಗಳು ಮಾತ್ರ ಬರೆದಿಟ್ಟಂತೆ ನಿಂತಿದ್ದವು. “ನೋಡಿ! ವೇಗ ತಪ್ಪಿದ್ದರೆ ಗೆರೆಗಳು ಹಿಂದಕ್ಕೋ ಮುಂದಕ್ಕೋ ತೆವಳುತ್ತಿದ್ದವು. ನಿಮಿಷಕ್ಕೆ 33⅓ ಸುತ್ತು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.”

“ಈ ಬಿಲ್ಲೆ ಎಲ್ಲಿಯದು?”

“ಯಂತ್ರದ ಜೊತೆಯಲ್ಲೇ ಬಂದದ್ದು.”

ಮಂಜಪ್ಪಣ್ಣ ಕುಳಿತುಕೊಂಡರು. “ಸಾಕ್ಷಿಯೂ ಆರೋಪಿಯೂ ಒಂದೇ ವಿಮಾನದಲ್ಲಿ ಬಂದಿದ್ದಾರೆ, ಮೇಷ್ಟ್ರೇ. ಕಂಬ ಹತ್ತಿ ಹತ್ತಿ ಮಂಡಿ ಸವೆಸಿಕೊಂಡವನು ಹೇಳುತ್ತೇನೆ, ಕೇಳಿ. ಅಮೆರಿಕದ ಕರೆಂಟು ಸೆಕೆಂಡಿಗೆ 60 ಆವರ್ತದ್ದು, ನಮ್ಮದು 50. ಈ ಮೋಟಾರು ವೋಲ್ಟೇಜಿನ ಮಾತು ಕೇಳುವುದಿಲ್ಲ, ಆವರ್ತದ ಮಾತನ್ನಷ್ಟೇ ಕೇಳುತ್ತದೆ. ಆದ್ದರಿಂದ ಇಲ್ಲಿ ಅದು 33⅓ರ ಬದಲು 28 ಸುತ್ತೂ ತಿರುಗುತ್ತಿಲ್ಲ. ದೀಪವೂ ಇದೇ ಕರೆಂಟಿನದು, ಅಷ್ಟೇ ನಿಧಾನವಾಗಿ ಮಿನುಗುತ್ತಿದೆ. ಗೆರೆಗಳು ಅಲ್ಲಿನ ಲೆಕ್ಕದವು. ಎಲ್ಲವೂ ಒಂದೇ ಪ್ರಮಾಣದಲ್ಲಿ ತಪ್ಪಿರುವುದರಿಂದ ಎಲ್ಲವೂ ಸರಿಯಾಗಿ ಕಾಣುತ್ತಿದೆ.”

“ಅದಕ್ಕೆಂದೇ ಟ್ರಾನ್ಸ್‌ಫಾರ್ಮರ್ ಹಾಕಿದ್ದೇನಲ್ಲ!”

“ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ, ಆವರ್ತವನ್ನು ಮುಟ್ಟುವುದಿಲ್ಲ. ಮೋಟಾರಿನ ತುದಿಯ ಪುಲ್ಲಿಯನ್ನು ಬದಲಿಸಬೇಕು. ಅದರ ವ್ಯಾಸ ಈಗಿರುವುದಕ್ಕಿಂತ ಐದನೆಯ ಒಂದು ಭಾಗ ಹೆಚ್ಚಿರಬೇಕು. ನಿನ್ನ ಬೆಚ್ಚನೆಯ ಗುಣವೆಲ್ಲ ಆ ಪುಲ್ಲಿಯಲ್ಲಿದೆ.”

ಹೆಗಡೆಯವರು ಗೆದ್ದ ಸಂಭ್ರಮದಲ್ಲಿ ಹಪ್ಪಳವೊಂದನ್ನು ಮುರಿದರು. ಯಾರೂ ತಡೆಯಲಿಲ್ಲ. ಮೇಷ್ಟ್ರೂ ಧೈರ್ಯ ಮಾಡಿದರು.

“ನನ್ನ ತಕರಾರು ಪುಲ್ಲಿಯದಲ್ಲ,” ಎಂದು ಮಂಜಪ್ಪಣ್ಣ ಮುಂದುವರಿಸಿದರು. “ಎರಡು ಸ್ಪೀಕರುಗಳಿಂದಲೂ ಸಮದೂರದಲ್ಲಿ, ನೆಲದಲ್ಲಿ ಗುರುತು ಹಾಕಿ ನೀನು ಇಟ್ಟಿರುವ ಈ ಒಂದೇ ಒಂದು ಕುರ್ಚಿಯದು. ಇಲ್ಲಿ ಕುಳಿತವನಿಗೆ ಮಾತ್ರ ಹಾಡು ಸರಿಯಾಗಿ ಕೇಳಿಸುತ್ತದೆಯಂತೆ. ಹಿಂದೆ ಶ್ಯಾನುಭೋಗರ ಮನೆಯಲ್ಲಿ ಕೀಲಿ ಕೊಡುವ ಗ್ರಾಮಫೋನ್ ಇತ್ತು. ಒಂದು ಬದಿ ಮೂರು ನಿಮಿಷಕ್ಕೇ ಮುಗಿಯುತ್ತಿತ್ತು, ಕರಕರ ಸದ್ದೇ ಅರ್ಧ. ಆದರೂ ಜಗಲಿಯ ತುಂಬ ಜನ. ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದ ಹೆಂಗಸರಿಗೂ ಕೇಳುತ್ತಿತ್ತು, ಕೊಟ್ಟಿಗೆಯಲ್ಲಿದ್ದವರಿಗೂ ಕೇಳುತ್ತಿತ್ತು. ಯಂತ್ರ ಉತ್ತಮವಾದಷ್ಟೂ ಕೇಳುವವರು ಕಡಿಮೆಯಾಗುತ್ತ ಬಂದು, ಈಗ ನೀನೊಬ್ಬ ಉಳಿದಿದ್ದೀಯೆ. ನೀನೂ ಕೇಳುತ್ತಿಲ್ಲ.”

ಅನಂತು ಮೊಬೈಲಿನಲ್ಲಿ ಪುಲ್ಲಿಯನ್ನು ಹುಡುಕತೊಡಗಿದ್ದ. ಅಷ್ಟರಲ್ಲಿ ಜಾನಕಮ್ಮನವರು ಕಾಫಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ತಟ್ಟೆ ಇನ್ನೂ ತಿರುಗುತ್ತಿತ್ತು. ಮೇಷ್ಟ್ರು ಬಿಲ್ಲೆಯನ್ನು ತೆಗೆದು, ಅದೇ ದೇವರನಾಮದ ಮೇಲೆ ಮುಳ್ಳನ್ನಿಟ್ಟರು. ಜಾನಕಮ್ಮನವರು ಕಾಫಿ ಕೊಡುವುದನ್ನು ಮರೆತು, ಯಾರನ್ನೂ ಕೇಳದೆ, ಆ ಕುರ್ಚಿಯಲ್ಲಿ ಕುಳಿತು, ಪಲ್ಲವಿಯಿಂದಲೇ ದನಿಗೂಡಿಸಿದರು. ಚರಣದ ಮೇಲಿನ ಸಂಗತಿಗೆ ಬಂದಾಗಲೂ ಕಂಠ ಎಲ್ಲಿಯೂ ಒಡೆಯಲಿಲ್ಲ.

“ಮದುವೆಗೆ ಮುಂಚೆ ಇವರ ಜೊತೆ ಹಾಡುತ್ತಿದ್ದೆ,” ಎಂದರು ಮುಗಿದ ಮೇಲೆ. “ಆಮೇಲೆ ವಯಸ್ಸಾಯಿತು, ಮೇಲಿನ ಸ್ವರ ಎಟುಕದೆ ಬಿಟ್ಟುಬಿಟ್ಟೆ. ಈಗ ಅವರೇ ನನ್ನ ಹತ್ತಿರಕ್ಕೆ ಇಳಿದು ಬಂದಿದ್ದಾರಲ್ಲ!”

“ಅಮ್ಮಾ, ಅದು ವೇಗದ ದೋಷ. ಇಂಗ್ಲೆಂಡಿನಿಂದ ಪುಲ್ಲಿ ತರಿಸುತ್ತಿದ್ದೇನೆ, ಸರಿಹೋಗುತ್ತದೆ.”

“ಬರಲು ಎಷ್ಟು ದಿನವಾಗುತ್ತದೆ?”

“ಒಂದು ತಿಂಗಳಾದರೂ ಬೇಕು.”

“ಹಾಗಾದರೆ ಆ ಇನ್ನೊಂದು ಬದಿಯನ್ನೂ ಹಾಕು.”