ಸಹಾಯ ಬೇಕು: ಹಾರ್ಡ್ ಡಿಸ್ಕ್‌ನಿಂದ ಫೈಲ್‌ಗಳು ಕಾಣೆಯಾಗುತ್ತಿವೆ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1 ಟಿಬಿಯ ಹಳೇ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇದೆ. ನಮ್ಮಜ್ಜಿ ಹಾಡಿದ ಸೋಬಾನೆ ಪದಗಳ ರೆಕಾರ್ಡಿಂಗ್ ಅದರಲ್ಲೇ ಇವೆ. ಅಜ್ಜಿ ಈಗಿಲ್ಲ. ಬೇರೆ ಕಾಪಿಯೂ ಇಲ್ಲ.

ಹೋದ ವಾರದಿಂದ ಒಂದೊಂದೇ ಫೋಲ್ಡರ್ ಖಾಲಿ ಕಾಣಿಸುತ್ತಿದೆ. ಕೆಲವು ಫೈಲ್‌ಗಳ ಹೆಸರು ಇದೆ, ಸೈಜ್ ಮಾತ್ರ 0. ಕೇಬಲ್ ಬದಲಾಯಿಸಿದೆ, ಬೇರೆ ಲ್ಯಾಪ್‌ಟಾಪ್‌ಗೂ ಹಾಕಿ ನೋಡಿದೆ. ಅದೇ ಕಥೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ (ಡಿಸ್ಕ್‌ನ ಆರೋಗ್ಯ ನೋಡುವ ಸಾಫ್ಟ್‌ವೇರ್) ಹಳದಿ ಬಣ್ಣದಲ್ಲಿ ಎಚ್ಚರಿಕೆ ತೋರಿಸುತ್ತಿದೆ. ಸಿ5, ಅಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳು, ಮೊನ್ನೆ 16 ಇದ್ದದ್ದು ನಿನ್ನೆ 48 ಆಗಿದೆ. ಇದು ಡಿಸ್ಕ್ ಹಾಳಾಗುತ್ತಿರುವ ಲಕ್ಷಣವೇ ಅಲ್ವಾ?

ರಿಪೇರಿ ಅಂಗಡಿಯವರು ಚೆಕ್‌ಡಿಸ್ಕ್ (ವಿಂಡೋಸ್‌ನಲ್ಲಿ ಡಿಸ್ಕ್ ದೋಷ ಸರಿಪಡಿಸುವ ಟೂಲ್) ಓಡಿಸಿ ಅಂದರು. ನನಗೆ ಧೈರ್ಯ ಬರಲಿಲ್ಲ. ಅದು ಸರಿ ಮಾಡಲು ಹೋಗಿ ಅದೇ ಡಿಸ್ಕ್ ಮೇಲೆ ಬರೆಯುತ್ತದೆ, ಉಳಿದದ್ದೂ ಹೋದರೆ? ಸದ್ಯ ಡಿಸ್ಕ್‌ನ ಕೇಬಲ್ ತೆಗೆದಿಟ್ಟಿದ್ದೇನೆ, ಸುಮ್ನೆ ಆನ್ ಕೂಡ ಮಾಡುತ್ತಿಲ್ಲ.

ಹೊಸ 2 ಟಿಬಿ ಡಿಸ್ಕ್ ತಂದಿದ್ದೇನೆ. ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಡಿಡಿರೆಸ್ಕ್ಯೂನಲ್ಲಿ (ಹಾಳಾಗುತ್ತಿರುವ ಡಿಸ್ಕ್‌ನಿಂದ ಓದಲಾದಷ್ಟನ್ನು ನಕಲು ಮಾಡುವ ಟೂಲ್) ಪೂರ್ತಿ ಇಮೇಜ್, ಅಂದರೆ ಇಡೀ ಡಿಸ್ಕ್‌ನ ಪ್ರತಿ, ತೆಗೆದು, ಆ ಪ್ರತಿಯಲ್ಲೇ ಫೈಲ್ ಹುಡುಕೋಣ ಅಂತಿದ್ದೇನೆ. ಯುಎಸ್‌ಬಿಯಲ್ಲೇ ಮಾಡಬಹುದಾ, ಇಲ್ಲಾ ಡಬ್ಬಿ ಬಿಚ್ಚಿ ನೇರವಾಗಿ ಕಂಪ್ಯೂಟರ್ ಒಳಗಿನ ಸಾಟಾ ಪೋರ್ಟ್‌ಗೆ ಹಾಕಬೇಕಾ? ಮಧ್ಯದಲ್ಲಿ ಟಿಕ್ ಟಿಕ್ ಸದ್ದು ಬಂದರೆ ತಕ್ಷಣ ನಿಲ್ಲಿಸಲಾ? ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ.