ಜಾವಾ ಸ್ವಿಂಗ್: ಪಟ್ಟಿಯನ್ನು ತಾನಾಗಿ ಹೊಸದಾಗಿಸುವಾಗ ವಿಂಡೋ ಹ್ಯಾಂಗ್ ಆಗುವುದೇಕೆ?

ಪ್ರಶ್ನೆ: ನಮಸ್ಕಾರ. ಗೋದಾಮಿನ ದಾಸ್ತಾನು ತೋರಿಸುವ ಡೆಸ್ಕ್‌ಟಾಪ್ ತಂತ್ರಾಂಶವೊಂದನ್ನು ಜಾವಾ ಭಾಷೆಯಲ್ಲಿ ವಿಂಡೋ, ಬಟನ್‌ಗಳನ್ನು ರಚಿಸುವ ಸ್ವಿಂಗ್ ಲೈಬ್ರರಿ ಬಳಸಿ ಬರೆದಿದ್ದೇನೆ. ಪ್ರತಿ 5 ಸೆಕೆಂಡಿಗೊಮ್ಮೆ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಿಂದ ಮಾಹಿತಿ ತಂದು ಜೆಟೇಬಲ್‌ನಲ್ಲಿ (ಸ್ವಿಂಗ್‌ನ ಪಟ್ಟಿ ತೋರಿಸುವ ಘಟಕ) ತುಂಬಲು ಸ್ವಿಂಗ್‌ನದೇ ಟೈಮರ್ ಬಳಸಿದ್ದೇನೆ. ನೆಟ್‌ವರ್ಕ್ ನಿಧಾನವಾದಾಗಲೆಲ್ಲ ಇಡೀ ವಿಂಡೋ ಹ್ಯಾಂಗ್ ಆಗುತ್ತದೆ. ಟೈಮರ್ ಹಿನ್ನೆಲೆಯ ಥ್ರೆಡ್‌ನಲ್ಲಿ (ಪ್ರೋಗ್ರಾಮಿನೊಳಗೆ ಪ್ರತ್ಯೇಕವಾಗಿ ಸಾಗುವ ಕೆಲಸದ ಸಾಲು) ನಡೆಯುವುದಿಲ್ಲವೇ?

ಉತ್ತರ: ಇಲ್ಲ. ಜಾವಾದಲ್ಲಿ ಟೈಮರ್ ಹೆಸರಿನ, ಸಾಮಾನ್ಯವಾಗಿ ಬಳಸುವ ಎರಡು ಕ್ಲಾಸ್‌ಗಳಿದ್ದು, ಯುಟಿಲ್ ಪ್ಯಾಕೇಜಿನದು ತನ್ನದೇ ಥ್ರೆಡ್‌ನಲ್ಲಿ ಓಡಿದರೆ, ಸ್ವಿಂಗ್‌ನದು ತನ್ನ ಕೆಲಸವನ್ನು ಈವೆಂಟ್ ಡಿಸ್ಪ್ಯಾಚ್ ಥ್ರೆಡ್‌ನಲ್ಲೇ ನಡೆಸುತ್ತದೆ. ಮೌಸ್ ಕ್ಲಿಕ್‌ಗೆ ಸ್ಪಂದಿಸುವುದೂ ಪರದೆಯನ್ನು ಬಿಡಿಸುವುದೂ ಅದೇ ಥ್ರೆಡ್ ಆದ್ದರಿಂದ, ಡೇಟಾಬೇಸ್‌ಗೆ ನೀವು ಕಳುಹಿಸಿದ ಕ್ವೆರಿ (ಮಾಹಿತಿಯ ಕೋರಿಕೆ) ಮುಗಿಯುವವರೆಗೆ ಉಳಿದೆಲ್ಲವೂ ಸರತಿಯಲ್ಲಿ ಕಾಯುತ್ತವೆ.

ಮಾಹಿತಿ ತರುವ ಕೆಲಸವನ್ನು ಒಂದೇ ಥ್ರೆಡ್‌ನ ಷೆಡ್ಯೂಲ್ಡ್ ಎಕ್ಸಿಕ್ಯೂಟರ್ ಸರ್ವಿಸ್‌ಗೆ (ಕೆಲಸಗಳನ್ನು ಹಿನ್ನೆಲೆಯಲ್ಲಿ ವೇಳೆಗೆ ತಕ್ಕಂತೆ ಓಡಿಸುವ ಜಾವಾದ ವ್ಯವಸ್ಥೆ) ಒಪ್ಪಿಸಿ, ಬಂದ ಫಲಿತಾಂಶವನ್ನು ಮಾತ್ರ ಸ್ವಿಂಗ್‌ನ ಇನ್ವೋಕ್‌ಲೇಟರ್ ಮೆಥಡ್ ಮೂಲಕ ಈವೆಂಟ್ ಥ್ರೆಡ್‌ಗೆ ದಾಟಿಸಿ. ಸ್ವಿಂಗ್‌ನ ಘಟಕಗಳು ಥ್ರೆಡ್‌ಸೇಫ್ (ಹಲವು ಥ್ರೆಡ್‌ಗಳು ಒಟ್ಟಿಗೆ ಮುಟ್ಟಿದರೂ ಕೆಡದಂಥವು) ಅಲ್ಲದ ಕಾರಣ ಹಿನ್ನೆಲೆಯಿಂದ ಟೇಬಲ್ ಮಾಡೆಲ್ (ಪಟ್ಟಿಯ ಮಾಹಿತಿಯನ್ನು ಹಿಡಿದಿಡುವ ಆಬ್ಜೆಕ್ಟ್) ಅನ್ನು ನೇರವಾಗಿ ಮುಟ್ಟಕೂಡದು. ಮುಟ್ಟಿದರೂ ಹಲವು ದಿನ ಏನೂ ಆಗದಂತೆ ಕಾಣಬಹುದು, ಈ ದೋಷದ ಕಾಟವೇ ಅದು. ಹಿನ್ನೆಲೆಯ ಕೆಲಸಕ್ಕೆಂದೇ ಇರುವ ಸ್ವಿಂಗ್‌ವರ್ಕರ್ ಕ್ಲಾಸ್ ಬಳಸಿ ಎಂದು ಅನೇಕರು ಹೇಳುತ್ತಾರೆ. ಆದರೆ ಅದರ ಒಂದು ಆಬ್ಜೆಕ್ಟ್ ಒಮ್ಮೆ ಮಾತ್ರ ಓಡುತ್ತದೆ. ಬಟನ್ ಒತ್ತಿದಾಗ ನಡೆಯುವ ಕೆಲಸಕ್ಕೆ ಅದು ಸೊಗಸು, ಪದೇಪದೇ ನಡೆಯುವುದಕ್ಕೆ ನಾನು ಆರಿಸುವುದಿಲ್ಲ.

ಷೆಡ್ಯೂಲ್ ಮಾಡುವಾಗ ಫಿಕ್ಸೆಡ್ ರೇಟ್ (ನಿಗದಿತ ವೇಳೆಗಳಿಗೆ ಓಡಿಸುವುದು) ಬದಲು ಫಿಕ್ಸೆಡ್ ಡಿಲೇ (ಸರದಿಗಳ ನಡುವೆ ನಿಗದಿತ ಬಿಡುವು) ಇರಲಿ. ಮೊದಲನೆಯದರಲ್ಲಿ ಒಂದು ಕ್ವೆರಿ 30 ಸೆಕೆಂಡ್ ಹಿಡಿದರೆ ತಪ್ಪಿಹೋದ ಸರದಿಗಳೆಲ್ಲ ಬೆನ್ನಿಗೆ ಬೆನ್ನಿಗೆ ಓಡಿ, ಮೊದಲೇ ಬಳಲಿದ ಸರ್ವರ್ ಮೇಲೆ ಇನ್ನಷ್ಟು ಹೊರೆ ಹಾಕುತ್ತವೆ. ಎರಡನೆಯದು ಹಿಂದಿನ ಸರದಿ ಮುಗಿದ ಮೇಲೆಯೇ 5 ಸೆಕೆಂಡ್ ಎಣಿಸಲು ಆರಂಭಿಸುತ್ತದೆ.

ಮರುಪ್ರಶ್ನೆ: ತಾವು ಹೇಳಿದಂತೆ ಮಾಡಿದ ಮೇಲೆ ವಿಂಡೋ ಹ್ಯಾಂಗ್ ಆಗುತ್ತಿಲ್ಲ, ಧನ್ಯವಾದಗಳು. ಆದರೆ ಕೆಲವೊಮ್ಮೆ ಪಟ್ಟಿ ಹೊಸದಾಗುವುದು ಸದ್ದಿಲ್ಲದೆ ನಿಂತುಬಿಡುತ್ತದೆ. ಅಲ್ಲದೆ ಪ್ರತಿ ಬಾರಿಯೂ ಬಳಕೆದಾರರು ಆಯ್ದ ಸಾಲು ಕೈತಪ್ಪುತ್ತದೆ.

ಉತ್ತರ: ನಿಲ್ಲುವುದಕ್ಕೆ ಎರಡು ಕಾರಣಗಳನ್ನು ಪರೀಕ್ಷಿಸಿ. ಷೆಡ್ಯೂಲ್ ಆದ ಕೆಲಸದಿಂದ ಎಕ್ಸೆಪ್ಷನ್ (ಓಡುವಾಗ ಎದುರಾಗುವ ದೋಷದ ಸೂಚನೆ) ಹೊರಬಿದ್ದರೆ ಎಕ್ಸಿಕ್ಯೂಟರ್ ಮುಂದಿನ ಸರದಿಗಳನ್ನೆಲ್ಲ ರದ್ದುಮಾಡುತ್ತದೆ, ಕನ್ಸೋಲ್‌ನಲ್ಲಿ ಒಂದಕ್ಷರವೂ ಮೂಡುವುದಿಲ್ಲ. ಆದ್ದರಿಂದ ಇಡೀ ಕೆಲಸವನ್ನು, ಎಕ್ಸೆಪ್ಷನ್ ಹಿಡಿಯುವ ಟ್ರೈ-ಕ್ಯಾಚ್ ಒಳಗಿಟ್ಟು ದೋಷವನ್ನು ಲಾಗ್‌ಗೆ ಬರೆಯಿರಿ. ಇನ್ನೊಂದು, ಮೈಎಸ್‌ಕ್ಯೂಎಲ್‌ನ ಜಾವಾ ಡ್ರೈವರ್‌ನಲ್ಲಿ ಸಾಕೆಟ್ ಟೈಮ್‌ಔಟ್‌ನ (ಸರ್ವರ್‌ನ ಉತ್ತರಕ್ಕೆ ಕಾಯುವ ಮಿತಿ) ಡೀಫಾಲ್ಟ್ ಮೌಲ್ಯ 0, ಅಂದರೆ ಕಾಯುವುದಕ್ಕೆ ಮಿತಿಯೇ ಇಲ್ಲ. ಸಂಪರ್ಕ ನಡುವೆ ಸತ್ತರೆ ಥ್ರೆಡ್ ಅಲ್ಲಿಯೇ ಕುಳಿತಿರುತ್ತದೆ, ಮುಂದಿನ ಸರದಿ ಬರುವುದೇ ಇಲ್ಲ. ಕನೆಕ್ಷನ್ ವಿಳಾಸದಲ್ಲಿ ಈ ಮಿತಿಯನ್ನು ಮಿಲಿಸೆಕೆಂಡ್‌ಗಳಲ್ಲಿ ಕೊಡಿ. ಪಟ್ಟಿ ಕೊನೆಯದಾಗಿ ಹೊಸದಾದ ವೇಳೆಯನ್ನು ಪರದೆಯ ಮೂಲೆಯಲ್ಲಿ ತೋರಿಸುವುದು ಕಡ್ಡಾಯವೆಂದೇ ನನ್ನ ಅಭಿಪ್ರಾಯ, ಏಕೆಂದರೆ ಹಳೆಯ ದಾಸ್ತಾನನ್ನು ಇಂದಿನದೆಂದು ನಂಬಿ ಸರಕು ಕಳುಹಿಸುವವರಿಗೆ ಖಾಲಿ ಪರದೆಯೇ ಎಷ್ಟೋ ವಾಸಿ.

ಸಾಲಿನ ಆಯ್ಕೆ ಹೋಗುವುದು ಮಾಡೆಲ್‌ನಲ್ಲಿ, ಇಡೀ ಪಟ್ಟಿ ಬದಲಾಯಿತೆಂದು ಸಾರುವ ಫೈರ್‌ಟೇಬಲ್‌ಡೇಟಾಚೇಂಜ್ಡ್ ಮೆಥಡ್ ಕರೆಯುವುದರಿಂದ. ಹಳೆಯದನ್ನೂ ಹೊಸದನ್ನೂ ಹೋಲಿಸಿ, ಬದಲಾದ ಸಾಲುಗಳಿಗೆ ಮಾತ್ರ ಫೈರ್‌ಟೇಬಲ್‌ರೋಸ್‌ಅಪ್‌ಡೇಟೆಡ್ ಕರೆದರೆ ಆಯ್ಕೆ ಉಳಿಯುತ್ತದೆ. ವಿಂಡೋ ಮುಚ್ಚುವಾಗ ಎಕ್ಸಿಕ್ಯೂಟರ್ ಅನ್ನು ನಿಲ್ಲಿಸಲು ಅದರ ಷಟ್‌ಡೌನ್‌ನೌ ಕರೆಯಿರಿ. ಮುಚ್ಚಿದಾಗ ವಿಂಡೋವನ್ನಷ್ಟೇ ತೆಗೆಯುವ ಡಿಸ್ಪೋಸ್-ಆನ್-ಕ್ಲೋಸ್ ಆಯ್ಕೆ ಇಟ್ಟಿದ್ದರೆ, ವಿಂಡೋ ಮರೆಯಾದ ಮೇಲೂ ಆ ಥ್ರೆಡ್‌ನಿಂದಾಗಿ ತಂತ್ರಾಂಶ ಹಿನ್ನೆಲೆಯಲ್ಲಿ ಓಡುತ್ತಲೇ ಇರುತ್ತದೆ.